ಚಿಕ್ಕಮಗಳೂರು ಜಿಲ್ಲೆಯಲ್ಲಿ ಜನ ಕಡಿಮೆಯಾಗುತ್ತಿದ್ದಾರೆ: ಚಿಂತೆ ಮಾಡಬೇಕೇ?

ಪರ: ಬೀಗ ಹಾಕಿದ ಮನೆಗಳ ಲೆಕ್ಕ ಯಾರು ಇಡುತ್ತಾರೆ?

2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ 5.28 ಕೋಟಿಯಿಂದ 6.11 ಕೋಟಿಗೆ ಏರಿತು. ಆ ಹತ್ತು ವರ್ಷದಲ್ಲಿ ರಾಜ್ಯದ ಒಂದೇ ಒಂದು ಜಿಲ್ಲೆಯಲ್ಲಿ ಜನ ಕಡಿಮೆಯಾದರು. ಅದು ನಮ್ಮ ಚಿಕ್ಕಮಗಳೂರು. 11,40,905 ಇದ್ದದ್ದು 11,37,961ಕ್ಕೆ ಇಳಿಯಿತು. ಅದೇ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ನಮ್ಮ ಮಕ್ಕಳು ಎಲ್ಲಿ ಹೋದರು ಅಂತ ಬೇರೆ ಹೇಳಬೇಕಾ?

"ಬರೀ ಮೂರು ಸಾವಿರ ಜನ ತಾನೇ" ಅನ್ನುವವರಿದ್ದಾರೆ. ಸ್ವಲ್ಪ ಯೋಚಿಸಿ. ಆ ಹತ್ತು ವರ್ಷದಲ್ಲಿ ಜಿಲ್ಲೆಯಲ್ಲಿ ಸತ್ತವರಿಗಿಂತ ಹುಟ್ಟಿದವರು ಜಾಸ್ತಿ. ಆದರೂ ಒಟ್ಟು ಸಂಖ್ಯೆ ಇಳಿದಿದೆ. ಅಂದರೆ ಊರು ಬಿಟ್ಟವರು ಮೂರು ಸಾವಿರವಲ್ಲ, ಅದರ ಎಷ್ಟೋ ಪಟ್ಟು. ಹೋದವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು.

ಜನ ಕಡಿಮೆಯಾದರೆ ಏನಾಗುತ್ತದೆ? ಎಲ್ಲವೂ ತಲೆ ಎಣಿಸಿಯೇ ಬರುವುದು. 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ಜಿಲ್ಲೆಯಲ್ಲಿ ಆರು ವಿಧಾನಸಭಾ ಕ್ಷೇತ್ರಗಳಿದ್ದವು. ಬೀರೂರು ಹೋಗಿ ಐದಾಯಿತು. 1978ರಲ್ಲಿ ಇಂದಿರಾ ಗಾಂಧಿ ಗೆದ್ದು ಇಡೀ ದೇಶ ತಿರುಗಿ ನೋಡಿದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವೂ ಈಗ ಒಂಟಿಯಾಗಿಲ್ಲ, ಉಡುಪಿಯ ಜೊತೆ ಸೇರಿಕೊಂಡಿದೆ. ಶಾಲೆಯಲ್ಲಿ ಮಕ್ಕಳಿಲ್ಲ ಅಂತ ಮೇಷ್ಟ್ರನ್ನು ಕಳಿಸುವುದಿಲ್ಲ. ಮೇಷ್ಟ್ರಿಲ್ಲ ಅಂತ ಉಳಿದ ಎರಡು ಮಕ್ಕಳನ್ನೂ ಪೇಟೆ ಶಾಲೆಗೆ ಸೇರಿಸುತ್ತಾರೆ. ಬಸ್ಸಿನ ಕಥೆಯೂ ಅದೇ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ, ಮಲೆನಾಡಿನ ಮೂಲೆ ಮೂಲೆಗೆ ಓಡಿದ ಬಸ್ಸು, 2020ರಲ್ಲಿ ನಿಂತಿತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂತು, ಸರಿ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಂಗಸು ಏನು ಮಾಡಬೇಕು?

ಕೊಪ್ಪದ ಹತ್ತಿರ ನನ್ನ ಚಿಕ್ಕಪ್ಪನ ಮನೆ ಇದೆ. ಐದು ಮನೆಯ ಊರು, ಎರಡಕ್ಕೆ ಬೀಗ. ಉಳಿದವರಲ್ಲಿ ಚಿಕ್ಕಪ್ಪನೇ ಚಿಕ್ಕವನು, ಅವನಿಗೂ ಅರವತ್ತು ದಾಟಿದೆ. 2019ರ ಆಗಸ್ಟ್ ಮಳೆಯಲ್ಲಿ ಒಂದು ರಾತ್ರಿ ಚಿಕ್ಕಮ್ಮನಿಗೆ ಉಸಿರಾಡಲು ಕಷ್ಟವಾಯಿತು. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಜೀಪು ತೆಗೆದರೆ ರಸ್ತೆಗೆ ಅಡ್ಡವಾಗಿ ಹಲಸಿನ ಮರ ಬಿದ್ದಿದೆ. ನಾನು ಸಣ್ಣವನಿದ್ದಾಗ ಅಂಗಳದಲ್ಲಿ ನಿಂತು ಒಂದು ಕೂ ಹಾಕಿದರೆ ಆಚೆ ಈಚೆ ಮನೆಗಳಿಂದ ಕತ್ತಿ ಹಿಡಿದು ಗಂಡಸರು ಬರುತ್ತಿದ್ದರು. ಆ ರಾತ್ರಿ ಯಾರನ್ನು ಕೂಗುವುದು? ಚಿಕ್ಕಪ್ಪ ಬ್ಯಾಟರಿ ಹಿಡಿದು, ಜಿಗಣೆ ಕಚ್ಚಿಸಿಕೊಂಡು, ಗುಡ್ಡದಾಚೆಯ ಎಸ್ಟೇಟಿನಲ್ಲಿ ಕೂಲಿಯವರು ಇರುವ ಲೈನ್ ಮನೆಗೆ ನಡೆದುಹೋದ. ಅಲ್ಲಿದ್ದ ಅಸ್ಸಾಮಿನ ಹುಡುಗರು ಬಂದು ಮರ ಕಡಿದರು. ದಾರಿ ಬಿಡಿಸುವಷ್ಟರಲ್ಲಿ ಬೆಳಕು ಹರಿದಿತ್ತು. ಅಷ್ಟೂ ಹೊತ್ತು ಜೀಪಿನೊಳಗೆ ಚಿಕ್ಕಮ್ಮ ಏದುಸಿರು ಬಿಡುತ್ತಾ ಕೂತಿದ್ದಳು. ಬದುಕಿದಳು. ಮಗ ಬೆಂಗಳೂರಿನಲ್ಲಿದ್ದಾನೆ. ಅವನಿಗೆ ವಿಷಯ ಗೊತ್ತಾದದ್ದು ಮಾರನೇ ದಿನ ಸಂಜೆ.

ಅಡಿಕೆ ಕೊಯ್ಲಿಗೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಿಲ್ಲ. ಒಬ್ಬರ ತೋಟಕ್ಕೆ ಇನ್ನೊಬ್ಬರು ಸರದಿಯಲ್ಲಿ ದುಡಿದುಕೊಡುವ ಮುಯ್ಯಾಳು ಪದ್ಧತಿ ಹೋಯಿತು, ಮುಯ್ಯಿ ತೀರಿಸಲು ಆಳೇ ಇಲ್ಲವಲ್ಲ. ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗರಿಗೆ ನಲವತ್ತಾದರೂ ಮದುವೆ ಇಲ್ಲ. ಕುದುರೆಮುಖದ ಗಣಿ ಮುಚ್ಚಿದ್ದರಿಂದ ಜನ ಇಳಿದರು ಅಂತ ಕೆಲವರು ಲೆಕ್ಕ ಒಪ್ಪಿಸುತ್ತಾರೆ. ಇರಬಹುದು. ಆ ಲೆಕ್ಕ ಹಿಡಿದುಕೊಂಡು ಚಿಕ್ಕಪ್ಪ ಏನು ಮಾಡಬೇಕು?

ಪಂಚಾಯತ್ ರಾಜ್ ಕಾಯ್ದೆ ಒಂದು ಕಡೆ ದಾರಿ ತೋರಿಸಿದೆ. ಬೇರೆ ಕಡೆ ಗ್ರಾಮ ಪಂಚಾಯಿತಿ ಆಗಲು ಐದು ಸಾವಿರ ಜನ ಬೇಕು. ಮಲೆನಾಡು ಜಿಲ್ಲೆಗಳಿಗೆ ಎರಡೂವರೆ ಸಾವಿರ ಸಾಕು. ಇದೇ ರಿಯಾಯಿತಿಯನ್ನು ಶಾಲೆ, ಆಸ್ಪತ್ರೆ, ಬಸ್ಸು, ಮೊಬೈಲ್ ಟವರಿಗೂ ಕೊಡಲಿ. ಇರುವ ಮನೆಗಳಿಗಾದರೂ ರಾತ್ರಿ ಹೊತ್ತು ಆಂಬುಲೆನ್ಸ್ ಬರುವಂತಾಗಲಿ.

ವಿರೋಧ: ಹೋದವರು ಸುಮ್ನೆ ಹೋಗಿಲ್ಲ

ಈ ಕಡೆ ಬರೆಯಿರಿ ಅಂತ ಕೇಳಿದರು, ಒಪ್ಪಿದೆ. ಖಾಲಿ ಮನೆ ನೋಡಿದರೆ ನನಗೂ ಸಂಕಟವಾಗುತ್ತದೆ. ಆದರೂ ಹೇಳಬೇಕಾದ ಕೆಲವು ಮಾತುಗಳಿವೆ.

ಮೊದಲು ಅಂಕಿ. ಇಳಿದದ್ದು 2,944. ಶೇಕಡಾ ಒಂದರ ಕಾಲು ಭಾಗ. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಕಬ್ಬಿಣದ ಗಣಿ ನಿಂತಿತು. 2001ರ ಗಣತಿಯಲ್ಲಿ ಆ ಟೌನ್‌ಶಿಪ್ಪಿನಲ್ಲೇ ಸುಮಾರು ಎಂಟು ಸಾವಿರ ಜನರಿದ್ದರು. ಗಣಿ ಹೋದ ಮೇಲೆ ಆ ಊರು ಖಾಲಿಯಾಯಿತು. ಭದ್ರಾ ನದಿಗೆ ಕೆಂಪು ಕೆಸರು ಬರುವುದು ನಿಲ್ಲಲಿ ಎಂದು ಹೋರಾಡಿದವರು ಇದೇ ಜಿಲ್ಲೆಯವರು.

ಇನ್ನೊಂದು, ಮಕ್ಕಳೇ ಕಡಿಮೆ ಹುಟ್ಟುತ್ತಿದ್ದಾರೆ. ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೆಣ್ಣುಮಕ್ಕಳು ಓದಿದರು, ಎಷ್ಟು ಮಕ್ಕಳು ಬೇಕೆಂದು ತಾವೇ ಹೇಳುವಂತಾದರು. ಇದನ್ನು ನಷ್ಟದ ಲೆಕ್ಕಕ್ಕೆ ಬರೆಯಲು ನಾನು ಒಪ್ಪುವುದಿಲ್ಲ.

ಪರ ಬರೆದವರ ಮಾತು ಕೇಳಿದರೆ ಓದಿದ ಮಕ್ಕಳನ್ನೆಲ್ಲ ಹಿಡಿದು ತಂದು ತೋಟದಲ್ಲಿ ಕೂರಿಸಬೇಕು ಅನ್ನುವಂತಿದೆ. ಹುಡುಗರಿಗೆ ಮದುವೆ ಇಲ್ಲ ಎಂದು ಬರೆದಿದ್ದಾರೆ. ಹುಡುಗಿಯರು ಯಾಕೆ ಬರುತ್ತಿಲ್ಲ ಎಂದು ಬರೆದಿಲ್ಲ. ನಾನು ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಬೆಳೆದವಳು. ನಮ್ಮಮ್ಮ ಬೆಳಗಿನ ಜಾವ ಎದ್ದರೆ ರಾತ್ರಿ ಎಲ್ಲರ ಊಟ ಮುಗಿಯುವ ತನಕ ಒಲೆ ಮುಂದೆ. ಕೊಯ್ಲಿನ ಕಾಲದಲ್ಲಿ ಆಳುಗಳಿಗೂ ಅವಳೇ ಬೇಯಿಸಬೇಕು. ಪಹಣಿಯಲ್ಲಿ ಅವಳ ಹೆಸರಿಲ್ಲ. ಕೈಗೆ ಒಂದು ರೂಪಾಯಿ ಬೇಕಾದರೂ ಕೇಳಬೇಕಿತ್ತು. "ನೀನು ಓದಿ ಹೋಗು ಮಗಳೇ" ಎಂದು ನನ್ನನ್ನು ಬಸ್ಸು ಹತ್ತಿಸಿದವಳು ಅವಳೇ. ತೋಟದಲ್ಲಿ ಪಾಲು, ಮನೆಯ ಮಾತಿನಲ್ಲಿ ಪಾಲು ಕೊಡಿ. ಆಮೇಲೆ ಹುಡುಗಿಯರು ಬರುತ್ತಿಲ್ಲ ಎಂದು ಹೇಳಿ.

ಚಿಕ್ಕಮ್ಮನ ವಿಷಯ ಓದಿ ನನಗೂ ಬೇಜಾರಾಯಿತು. ಆಂಬುಲೆನ್ಸ್ ಬೇಕೇ ಬೇಕು, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಆ ರಾತ್ರಿ ಮಳೆಯಲ್ಲಿ ಬಂದು ಮರ ಕಡಿದವರು ಯಾರು? ಅವರಿಗೆ ಈ ಜಿಲ್ಲೆಯಲ್ಲಿ ರೇಷನ್ ಸುಲಭಕ್ಕೆ ಸಿಗುವುದಿಲ್ಲ. ಅವರ ಮಕ್ಕಳು ಶಾಲೆಗೆ ಬಂದರೆ ಭಾಷೆಯ ಗೋಳು. ಜನ ಇಲ್ಲ ಎಂದು ಕೊರಗುವ ಊರಿನಲ್ಲಿ ಕಾಫಿ ಕೊಯ್ಯುವವರು, ಮೆಣಸು ಬಿಡಿಸುವವರು ಅವರೇ. ಮುಂದಿನ ಜನಗಣತಿ 2027ಕ್ಕೆ ಇದೆ. ಗಣತಿಯವರು ಲೈನ್ ಮನೆಗಳ ಬಾಗಿಲನ್ನೂ ತಟ್ಟಬೇಕು. ತಟ್ಟುವಂತೆ ನೋಡಿಕೊಳ್ಳುವುದು ತೋಟದ ಮಾಲೀಕರ ಕೈಯಲ್ಲಿದೆ.