ಫಾರ್ಮುಲಾ ಹಿಡಿಯೂಕಿಂತ ಮೊದಲ ಸ್ಲಾಟ್ ಎಣಿಸ್ರಿ

ಹೋದ ವಾರ ನನ್ನ ಹತ್ರ ಟ್ಯೂಷನ್‌ಗೆ ಬರೂ ಡಿಪ್ಲೊಮಾ ಹುಡುಗಿ ಒಬ್ಬಾಕಿ ಆಲ್ಟರ್ನೇಟರ್, ಅಂದ್ರ ಜನರೇಟರಿನ್ಯಾಗ ಕರೆಂಟ್ ಹುಟ್ಟಿಸೂ ಮಷಿನ್, ಅದರ ಲೆಕ್ಕ ಮಾಡ್ಕೊಂಡು ಬಂದಿದ್ಲು. ಲೆಕ್ಕ ನಾನ ಕೊಟ್ಟಿದ್ದು. ನಾಕು ಪೋಲ್, 1500 ಆರ್‌ಪಿಎಂ, 36 ಸ್ಲಾಟ್ (ತಂತಿ ಕುಂದ್ರಿಸೂ ಸಂದಿ), ಡಬಲ್ ಲೇಯರ್, ಕಾಯಿಲ್‌ಗೆ 8 ಟರ್ನ್, ಪಿಚ್ ಒಂದರಿಂದ ಒಂಬತ್ತು (ಕಾಯಿಲಿನ ಒಂದು ಬದಿ ಒಂದನೇ ಸ್ಲಾಟಿಗೆ, ಇನ್ನೊಂದು ಒಂಬತ್ತನೇದಕ್ಕ), ಪೋಲಿಗೆ ಫ್ಲಕ್ಸ್ 0.012 ವೇಬರ್, ಸ್ಟಾರ್ ಕನೆಕ್ಷನ್ (ಮೂರೂ ಫೇಸಿನ ಒಂದೊಂದು ತುದಿ ಒಂದ ಕಡೆ ಕೂಡಿಸಿದ್ದು), ಲೈನ್ ವೋಲ್ಟೇಜ್, ಅಂದ್ರ ಎರಡು ಫೇಸಿನ ನಡುವಿಂದು, ಎಷ್ಟು? ಆಕಿ ಉತ್ತರ 837 ವೋಲ್ಟ್. ಕೆಳಗ ಎರಡು ಗೆರಿ ಎಳದು ಚಂದಂಗ ಬಾಕ್ಸ್ ಹಾಕಿದ್ಲು.

ಶಾಣ್ಯಾ ಹುಡುಗಿ ಆಕಿ. ಫಾರ್ಮುಲಾ ಬಾಯಿಪಾಠ ಐತಿ, ಕ್ಯಾಲ್ಕುಲೇಟರ್ ಮ್ಯಾಲ ಬೆರಳು ಓಡ್ತಾವು. ಆದ್ರ ನಮ್ಮ ಗದಗಿನ್ಯಾಗ ಯಾವ ಆಸ್ಪತ್ರಿ ಹಿಂದ, ಯಾವ ಕಲ್ಯಾಣ ಮಂಟಪದ ಬಾಜೂಕ ನಿಂತ ಜನರೇಟರ್ ನೋಡಿದ್ರೂ ನೇಮ್‌ಪ್ಲೇಟ್ ಮ್ಯಾಲ 415 ಅಂತ ಇರ್ತೈತಿ, ಅದರ ಡಬಲ್ ಬಂದಾಗ ಪೆನ್ನು ನಿಲ್ಲಬೇಕಿತ್ತಲ್ಲ, ನಿಲ್ಲಲಿಲ್ಲ. ಇದು ಆಕಿ ತಪ್ಪಲ್ರೀ, ನಾವು ಕಲಿಸೂ ಪದ್ಧತಿದ ತಪ್ಪು, ಇದನ್ನ ಇವತ್ತು ಬರದ ಬಿಡ್ತೀನಿ.

ತಪ್ಪು ಎಲ್ಲಿ ಆಗಿತ್ತು ಅಂದ್ರ, ಡಬಲ್ ಲೇಯರ್ ಅಂದ್ರ ಒಂದೊಂದು ಸ್ಲಾಟ್‌ನ್ಯಾಗ ಎರಡು ಕಾಯಿಲಿನ ಬದಿ, ಅಂದ್ರ 16 ಕಂಡಕ್ಟರ್. 36 ಸ್ಲಾಟಿಗೆ 576, ಒಂದು ಫೇಸಿಗೆ 192. ಆಕಿ ಈ 192ನ್ನ ಹಂಗ ತಗೊಂಡು ವೋಲ್ಟೇಜ್ ಫಾರ್ಮುಲಾದಾಗಿನ 4.44ಕ್ಕ ಗುಣಿಸಿಬಿಟ್ಟಾಳ. ಒಂದು ಟರ್ನ್ ಆಗಬೇಕಂದ್ರ ಹೋಗೂ ತಂತಿ ಒಂದು, ಬರೂ ತಂತಿ ಒಂದು, ಎರಡು ಕಂಡಕ್ಟರ್ ಬೇಕು, ಹಂಗಾಗಿ ಫೇಸಿಗೆ ಟರ್ನ್ 96 ಅಷ್ಟ. ಕಂಡಕ್ಟರ್ ಲೆಕ್ಕದಾಗ ಮಾಡಾವ್ರು 2.22 ಹಾಕಬೇಕು, ಟರ್ನ್ ಲೆಕ್ಕದಾಗ ಮಾಡಾವ್ರು 4.44. ಈ 4.44 ಎಲ್ಲಿಂದ ಬಂತು ಅಂತ ಕೇಳಿದ್ರ ಕ್ಲಾಸಿಗೆ ಕ್ಲಾಸ ಸುಮ್ಮನ ಕುಂದರತೈತಿ. ಒಂದು ಸೈಕಲ್‌ನ್ಯಾಗ ಕಾಯಿಲ್ ಒಳಗಿನ ಫ್ಲಕ್ಸ್ ತುಂಬಿದ್ದು ಸೊನ್ನಿಗೆ ಬರ್ತೈತಿ, ಸೊನ್ನಿಯಿಂದ ಉಲ್ಟಾ ತುಂಬತೈತಿ, ಮತ್ತ ಸೊನ್ನಿ, ಮತ್ತ ತುಂಬೂದು, ಹಿಂಗ ನಾಕು ಹೆಜ್ಜಿ. ಆ ನಾಕಕ್ಕ ಸೈನ್ ವೇವಿನ ಫಾರ್ಮ್ ಫ್ಯಾಕ್ಟರ್ 1.11 ಗುಣಿಸಿದ್ರ 4.44. ಇಷ್ಟು ಹೇಳಾಕ ಐದು ನಿಮಿಷ ಸಾಕು.

837 ಬಂದ್ರ ಪರವಾಗಿಲ್ಲ, ಯಾರಾದ್ರೂ ಹಿಡೀತಾರ. ಹಿಡಿಯಾಕ ಬರದ ತಪ್ಪು ಬ್ಯಾರೆ ಐತಿ. 360ಕ್ಕ 36 ಭಾಗ ಮಾಡಿ ಸ್ಲಾಟಿಗೆ 10 ಡಿಗ್ರಿ ಅಂತಾರ, ಅದು ಮೆಕ್ಯಾನಿಕಲ್ ಡಿಗ್ರಿ. ನಾಕು ಪೋಲ್ ಅಂದ್ರ ಎರಡು ಜೋಡಿ, ರೋಟರ್ ಒಂದು ಸುತ್ತು ಹಾಕೂದ್ರಾಗ ವೋಲ್ಟೇಜ್ ಎರಡು ಸೈಕಲ್ ಮುಗಿಸಿರ್ತೈತಿ, ಹಿಂಗಾಗಿ ಎಲೆಕ್ಟ್ರಿಕಲ್ ಲೆಕ್ಕದಾಗ ಸ್ಲಾಟಿಗೆ 20 ಡಿಗ್ರಿ. 20 ಹಾಕಿದ್ರ ಡಿಸ್ಟ್ರಿಬ್ಯೂಷನ್ ಫ್ಯಾಕ್ಟರ್ (ಕಾಯಿಲ್ ಬ್ಯಾರೆ ಬ್ಯಾರೆ ಸ್ಲಾಟಿಗೆ ಹರಡಿದ್ದಕ್ಕ ಕಡಿಮಿ ಆಗೂದು) 0.96, ಪಿಚ್ ಫ್ಯಾಕ್ಟರ್ (ಪಿಚ್ ಗಿಡ್ಡ ಇಟ್ಟಿದ್ದಕ್ಕ ಕಡಿಮಿ ಆಗೂದು) 0.985, ಫೇಸಿಗೆ 242 ವೋಲ್ಟ್ ಹತ್ರ, ಲೈನಿಗೆ 419. ಎರಡೂ ಕಡೆ 10 ಹಾಕಿದ್ರ 437 ಬರ್ತೈತಿ. 437 ನೋಡಿ ಯಾರಿಗೂ ಸಂಶಯ ಬರೂದಿಲ್ಲ, ಜನರೇಟರ್ ವೋಲ್ಟೇಜಿನಂಗ ಕಾಣಸ್ತೈತಿ, ಮಾರ್ಕ್ಸೂ ಅರ್ಧಕ್ಕಿಂತ ಹೆಚ್ಚು ಬರ್ತಾವು, ತಪ್ಪು ಹಂಗ ತಲ್ಯಾಗ ಕುಂತು ನೌಕ್ರಿಗೂ ಹೊಕ್ಕೈತಿ.

ನನಗ ಇದು ಕಾಲೇಜಿನ್ಯಾಗ ತಿಳೀಲಿಲ್ಲ. ಡಿಪ್ಲೊಮಾ ಮುಗದ ಮ್ಯಾಲ ಎರಡು ವರ್ಷ ಹುಬ್ಬಳ್ಳಿಯೊಳಗ ಒಂದು ರಿವೈಂಡಿಂಗ್ ಅಂಗಡ್ಯಾಗ ಕೆಲಸ ಮಾಡೀನಿ. ಬ್ಯಾಡಗಿ ಕಡೆಯಿಂದ ಒಂದು ಸುಟ್ಟ ಆಲ್ಟರ್ನೇಟರ್ ಬಂದಿತ್ತು, ಮೆಣಸಿನಕಾಯಿ ಇಡೂ ಕೋಲ್ಡ್ ಸ್ಟೋರೇಜಿಂದು, ಅದೂ 36 ಸ್ಲಾಟ್, ನಾಕು ಪೋಲ್. ಹಳೆ ತಾಮ್ರ ಕಿತ್ತು, ಸ್ಲಾಟ್ ತಿಕ್ಕಿ, ಲೆದರಾಯ್ಡ್ ಪೇಪರ್ ಹಾಕಿ, ಕಾಯಿಲ್ ಕುಂದ್ರಿಸಿ, ಮ್ಯಾಲ ಬಿದಿರಿನ ಪಟ್ಟಿ ಬಡದು, ಕನೆಕ್ಷನ್ ಮಾಡಿದಾಂವ ನಾನು. ವಾರ್ನಿಷ್ ಹಾಕೂಕಿಂತ ಮೊದಲ ಎವಿಆರ್ (ವೋಲ್ಟೇಜ್ ತಾನ ಸರಿ ಇಡೂದು) ಬಿಚ್ಚಿಟ್ಟು ಬ್ಯಾಟರಿಯಿಂದ ಎಕ್ಸೈಟೇಷನ್ (ಒಳಗಿನ ಅಯಸ್ಕಾಂತಕ್ಕ ಬೇಕಾದ ಕರೆಂಟ್) ಕೊಟ್ಟು ಲೋಡ್ ಇಲ್ಲದ ಓಡಿಸಿ ನೋಡಿದ್ವಿ. ಮೂರು ಫೇಸಿಗೆ ಆರ್ (ಕೆಂಪು), ವೈ (ಹಳದಿ), ಬಿ (ನೀಲಿ) ಅಂತ ಹೆಸರು. ವೈ ಫೇಸಿಗೆ ನ್ಯೂಟ್ರಲ್‌ಗೆ 240, ಬಿ ಫೇಸಿಗೆ 240, ಆರ್ ಫೇಸಿಗೆ 120. ಲೈನ್ ನೋಡಿದ್ರ ವೈ-ಬಿ ನಡುವ 415, ಉಳಿದ ಎರಡರಾಗೂ 317. ನನಗ ಕೈಕಾಲು ಆಡವಲ್ದಂಗಾತು, ಶಾರ್ಟ್ ಆಗಿರಬೇಕು, ಎಲ್ಲಾ ಕಿತ್ತಬೇಕು ಅಂತ ನಿಂತಬಿಟ್ಟೆ.

ಅಂಗಡಿ ಮೇಸ್ತ್ರಿ ಏಳನೇತ್ತಾ ಓದಿದಾಂವ. ಮೀಟರ್ ನೋಡಿ ಹೇಳಿದ, "ಬರೋಬ್ಬರಿ ಅರ್ಧ ಬಂದೈತಿ ಅಂದ್ರ ಒಂದ ಗುಂಪು ಉಲ್ಟಾ ಐತಿ, ಎರಡು ಉಲ್ಟಾ ಆಗಿದ್ರ ಸೊನ್ನಿ ತೋರಸ್ತಿತ್ತು." ಫೇಸಿಗೆ ನಾಕು ಗುಂಪು, ಗುಂಪಿಗೆ 60 ವೋಲ್ಟ್. ಮೂರು ಕೂಡಿ 180, ಉಲ್ಟಾ ಇದ್ದ ಒಂದು 60 ಕಳದ್ರ 120. ಸ್ಲೀವ್ ಬಿಚ್ಚಿ ನೋಡಿದ್ರ ಆರ್ ಫೇಸಿನ ಮೂರನೇ ಗುಂಪಿನ ಎರಡೂ ತುದಿ ಅದಲುಬದಲು ಹಚ್ಚೀನಿ. ಎಂಡ್‌ಗೆ ಎಂಡ್, ಸ್ಟಾರ್ಟ್‌ಗೆ ಸ್ಟಾರ್ಟ್ ಅಂತ ಮೇಸ್ತ್ರಿ ದಿನಾ ಹೇಳ್ತಿದ್ದ, ಆವತ್ತು ಕೈ ತಪ್ಪಿತ್ತು. ಹತ್ತು ನಿಮಿಷದಾಗ ಸರಿ ಮಾಡಿ ಬೆಸಿಗಿ ಹಾಕಿದೆ, ಮೂರೂ ಫೇಸ್ 240 ಬಂತು. ಅದು ಸ್ಟಾರ್ ಇತ್ತು ಅಂತ ಬಚಾವ್, ಡೆಲ್ಟಾ (ಮೂರೂ ಫೇಸ್ ಒಂದರ ತುದಿಗೆ ಒಂದು ಸುತ್ತ ಕೂಡಿಸಿದ್ದು) ಇದ್ದಿದ್ರ ಒಳಗಿಂದೊಳಗ ಕರೆಂಟ್ ತಿರುಗಿ ಹೊಸಾ ತಾಮ್ರನೂ ಸುಡ್ತಿತ್ತು. ರಾತ್ರಿ ರೂಮಿಗೆ ಹೋಗಿ ಬಿಲ್ಲಿನ ಹಿಂದ ವೆಕ್ಟರ್ ಬರದು, 240 ಒಂದು ಕಡೆ, 120 ಒಂದು ಕಡೆ, ನಡುವ 120 ಡಿಗ್ರಿ, ಲೆಕ್ಕ ಹಾಕಿದ್ರ ಅದ 317! ಮೂರು ವರ್ಷ ಪರೀಕ್ಷಾದಾಗ ಬರದ ಲೆಕ್ಕ ಆವತ್ತು ಖರೇ ಅನಿಸ್ತು.

ಅದಕ್ಕ ನಾ ಹೇಳೂದು, ಪ್ರಶ್ನೆಪತ್ರಿಕಿ ಒಳಗ ವರ್ಷಾ ಅದ ಅದ ಯಾಕ ಕೇಳ್ತೀರಿ? ಪೋಲ್ ಇಷ್ಟು, ಸ್ಲಾಟ್ ಇಷ್ಟು, ವೋಲ್ಟೇಜ್ ಕಂಡುಹಿಡಿ. ಅದನ್ನ ತಿರುಗಿಸಿ ಕೇಳ್ರಿ: ಮೀಟರ್ ಹಿಂಗ ತೋರಿಸ್ತು, ತಪ್ಪು ಎಲ್ಲೈತಿ? 415 ಬೇಕಾಗೈತಿ, ಎಷ್ಟು ಟರ್ನ್ ಸುತ್ತಲಿ? ಪಿಚ್ ಒಂದರಿಂದ ಹತ್ತು ಇಟ್ರ ವೋಲ್ಟೇಜ್ ಪೂರಾ ಸಿಗ್ತೈತಲ್ಲ, ಯಾಕ ಕಡಿಮಿ ಇಡ್ತಾರ? ಒಂದರಿಂದ ಒಂಬತ್ತಕ್ಕ ಕಳಕೊಳ್ಳೂದು ನೂರಕ್ಕ ಒಂದೂವರಿ ಅಷ್ಟ, ಹೊರಗಿನ ತಾಮ್ರ ಉಳಿತೈತಿ, ವೇವ್ ಚಂದ ಆಗ್ತೈತಿ. ಒಂದರಿಂದ ಏಳು ಇಟ್ರ ಪಿಚ್ ಫ್ಯಾಕ್ಟರ್ 0.866ಕ್ಕ ಇಳಿತೈತಿ, ಆದ್ರ ಮೂರನೇ ಹಾರ್ಮೋನಿಕ್ (ವೇವ್ ಕೆಡಿಸೂ, ಮೂರು ಪಟ್ಟು ಜೋರಾಗಿ ಏರಿಳಿಯೂ ವೋಲ್ಟೇಜ್) ಪೂರ್ತಿ ಸಾಯ್ತೈತಿ. ಇದು ಗೊತ್ತಿಲ್ಲದ ರಿವೈಂಡ್ ಮಾಡಾವ್ರು ತಮಗ ಸಲೀಸಾದ ಪಿಚ್ ಇಟ್ಟು ಕೊಡ್ತಾರ, ಆಮ್ಯಾಲ ನ್ಯೂಟ್ರಲ್ ಯಾಕ ಬಿಸಿ ಆಗ್ತೈತಿ ಅಂತ ಗಿರಾಕಿ ಅಲೀತಾನ. ನನಗ ಇದನ್ನ ನೋಡಿದ್ರ ಭಾಳ ಸಂಕಟ ಆಗ್ತೈತಿ, ಯಾಕಂದ್ರ ಸುತ್ತೂ ಕೈ ಬ್ಯಾರೆ, ಲೆಕ್ಕ ಮಾಡೂ ಕೈ ಬ್ಯಾರೆ ಆಗಿ ಕುಂತಾವು, ಎರಡೂ ಒಂದ ಊರಾಗ ಇದ್ರೂ ಭೇಟಿ ಇಲ್ಲ.

ನಮ್ಮನ್ಯಾಗ ಒಂದು ಹಳೆ ಸ್ಟೇಟರ್ (ಮಷಿನಿನ ತಿರುಗದ ಹೊರಭಾಗ) ಐತಿ, ಗುಜರಿಯಿಂದ ತಂದಿದ್ದು, ವೈಂಡಿಂಗ್ ಇಲ್ಲ, ಖಾಲಿ 36 ಸ್ಲಾಟ್. ಆ ಹುಡುಗಿಗೆ ಫಾರ್ಮುಲಾ ಹಾಳಿ ಮುಚ್ಚಿಸಿ, ಕೆಂಪು, ಹಳದಿ, ನೀಲಿ ಮೂರು ಸೀಮೆಸುಣ್ಣ ಕೊಟ್ಟು ಅಂಗಳದಾಗ ಅದರ ಮುಂದ ಕುಂದ್ರಿಸಿದೆ. ಒಂದನೇ ಸ್ಲಾಟಿಗೆ ಕೆಂಪು ಹಚ್ಚಿದ್ಲು. ಹಳದಿ ಎಲ್ಲಿಂದ ಸುರು ಮಾಡಲಿ ಸರ್ ಅಂದ್ಲು. ನಾ ಹೇಳಲಿಲ್ಲ. ಬೆರಳು ಇಟ್ಟು 20, 40, 60 ಅಂತ ಎಣಿಸ್ಕೋತ ಹೋಗಿ 120ಕ್ಕ ನಿಂತು, ಏಳನೇ ಸ್ಲಾಟಿಗೆ ಹಳದಿ ಹಚ್ಚಿದ್ಲು. ನೀಲಿ ಹದಿಮೂರಕ್ಕ ಹಚ್ಚಾಕ ನನ್ನ ಕೇಳಲಿಲ್ಲ.

ಆಮ್ಯಾಲ ಕ್ಯಾಲ್ಕುಲೇಟರ್ ಕೊಟ್ಟೆ. 419.