ನೇಗಿಲಿಗೆ ಹೆಗಲು ಕೊಟ್ಟವರು
ಮಾಟವೆಂದರೆ ಕೇಡು ಬಗೆಯುವುದಷ್ಟೇ ಎಂದು ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲಾರೆ. 19ನೇ ಶತಮಾನದ ರಷ್ಯಾದ ಹಳ್ಳಿಗಳಲ್ಲಿ ದನಗಳಿಗೆ ಸಾಂಕ್ರಾಮಿಕ ರೋಗ ಬಡಿದರೆ ಊರು ಕಾಯಲು ಹೊರಡುತ್ತಿದ್ದವರು ಹೆಂಗಸರು. ನಡುರಾತ್ರಿ, ಮೈಮೇಲೆ ಬರೀ ಒಳಅಂಗಿ, ಬಿಚ್ಚಿದ ತಲೆಗೂದಲು. ಕುದುರೆ ಕಟ್ಟದೆ ತಾವೇ ನೇಗಿಲೆಳೆದು, ರೋಗ ದಾಟಿ ಬರಬಾರದೆಂದು ಊರ ಸುತ್ತ ಗೆರೆ ಕೊರೆಯುತ್ತಿದ್ದರು. ಮೇಳಿ ಹಿಡಿಯುವವಳು ಅನೇಕ ಕಡೆ ಒಬ್ಬ ವಿಧವೆ ಅಥವಾ ಮುದುಕಿ! ಜೊತೆಗೆ ಬಾಣಲೆ, ಕುಡುಗೋಲು ಬಡಿಯುವ ಗದ್ದಲ. ಗಂಡಸರು ಹೊರಗೆ ತಲೆ ಹಾಕುವಂತಿಲ್ಲ. ಎದುರಾದ ಬೆಕ್ಕು, ನಾಯಿಯನ್ನೂ ವೇಷ ಮರೆಸಿಕೊಂಡು ಬಂದ ‘ದನದ ಸಾವು’ ಎಂಬ ರೋಗದ ಭೂತವೆಂದೇ ಬಗೆದು ಕೊಲ್ಲುತ್ತಿದ್ದರು (ಪಾಪ, ಆ ಬೆಕ್ಕು ಮಾಡಿದ್ದೇನು?). ನಮ್ಮೂರಿನಲ್ಲೂ ಮಾರಿಯನ್ನು ಗಡಿ ದಾಟಿಸುತ್ತಾರೆ. ಆದರೆ ಇಲ್ಲಿ ಮುಂದೆ ನಡೆಯುವವರು ಗಂಡಸರೇ. ನಮ್ಮಜ್ಜಿಗೆ ಹೊಸ್ತಿಲಿಗೆ ಬೇವಿನ ಸೊಪ್ಪು ಕಟ್ಟುವ ಕೆಲಸವಷ್ಟೇ ಉಳಿದಿತ್ತು.