ಮಾರಿಯೊ ಮೌರೆರ್ ಮೊದಲ ಸಿನಿಮಾ 'ಪೀ ಮಾಕ್' ಅಲ್ಲ

ಥಾಯ್ ನಟ ಮಾರಿಯೊ ಮೌರೆರ್ 2013ರ 'ಪೀ ಮಾಕ್' ಮೂಲಕ ಚಿತ್ರರಂಗಕ್ಕೆ ಬಂದ, ಮೊದಲ ಸಿನಿಮಾದಲ್ಲೇ ಸ್ಟಾರ್ ಆದ ಅಂತ ಒಂದು ಪೋಸ್ಟ್ ಎಲ್ಲ ಕಡೆ ಓಡಾಡುತ್ತಿದೆ. ಅದು ತಪ್ಪು. ದಯವಿಟ್ಟು ಹಾಗೇ ಹಂಚಬೇಡಿ.

ಅವರ ಮೊದಲ ಸಿನಿಮಾ 2007ರ 'ಲವ್ ಆಫ್ ಸಯಾಮ್'. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. ಟೋಂಗ್ ಅನ್ನೋ ಹುಡುಗನ ಪಾತ್ರ. ಚಿಕ್ಕಂದಿನಲ್ಲಿ ಗೆಳೆಯನಿಗೆ ಕೊಟ್ಟ ಮರದ ಗೊಂಬೆಗೆ ಮೂಗೇ ಇರಲ್ಲ, ಎಷ್ಟೋ ವರ್ಷ ಆದಮೇಲೆ ಆ ಮೂಗನ್ನು ತಂದು ಅವನ ಕೈಗಿಡುವ ದೃಶ್ಯ ಇದೆಯಲ್ವಾ, ಅದನ್ನು ನೋಡಿದವರು ಈ ನಟನನ್ನು ಮರೆಯಲ್ಲ. ಆಮೇಲೆ 2010ರಲ್ಲಿ 'ಕ್ರೇಜಿ ಲಿಟ್ಲ್ ಥಿಂಗ್ ಕಾಲ್ಡ್ ಲವ್' ಬಂತು. ಶಾಲೆಯ ಹುಡುಗಿ ಆಸೆಪಡುವ ಶೋನ್ ಇವರೇ. ಥಾಯ್ಲೆಂಡ್ ಆಚೆಗೂ ಹೆಸರು ಮಾಡಿದ ಸಿನಿಮಾ ಅದು.

'ಪೀ ಮಾಕ್' ದೊಡ್ಡ ಹಿಟ್, ಅದರಲ್ಲಿ ಎರಡು ಮಾತಿಲ್ಲ. ಹಳೇ ಕಾಲದ ಕಥೆ ಅಂತ ಹಲ್ಲಿಗೆ ಕಪ್ಪು ಬಳಿದುಕೊಂಡು ನಟಿಸಿದ್ದಾರೆ, ಅಂಥ ಚೆಲುವ! ಆದರೆ ಅದಕ್ಕೂ ಮುಂಚಿನ ಆರು ವರ್ಷದ ದುಡಿಮೆಯನ್ನು ಸುಮ್ನೆ ಅಳಿಸಿಹಾಕೋದು ನ್ಯಾಯ ಅಲ್ಲ.

ಸಿನಿಮಾ ಬಿಟ್ಟರೆ ಟಿವಿಯಲ್ಲೂ ಇದ್ದಾರೆ. 2019ರಲ್ಲಿ ಚಾನೆಲ್ 3ರ ಧಾರಾವಾಹಿಯಲ್ಲಿ ನಾಟಿ ವೈದ್ಯ ಥೋಂಗ್ ಏಕ್ ಆಗಿದ್ದು ಇವರೇ.